ಹಳೇಬೀಡಿನ ಮಹಾಮಹತ್ತಿನ ತೀರ್ಪು, ಕ್ರಿಸ್ತಶಕ 1638

ಮಠಗಳಲ್ಲಿ ಮಹೋತ್ಸವ ನಡೆಯುವ ಕಾಲಕ್ಕೆ ವರ್ಷಗಳನ್ನೆಣಿಸುವುದು ಹಿರಿಯರಿಂದ ಬಂದ ಸಂಪ್ರದಾಯವು. ಪಟ್ಟಾಭಿಷೇಕವಾದ ಸಂವತ್ಸರವು ಯಾವುದು, ಪಾಠಶಾಲೆಯು ಆರಂಭವಾದುದು ಯಾವ ಶಕವರ್ಷದಲ್ಲಿ, ದಾಸೋಹವು ಎಷ್ಟು ತಲೆಗಳಿಂದ ನಡೆದುಬಂದಿದೆ ಎಂಬುದನ್ನು ವೃದ್ಧರು ಎಳೆಯರಿಗೆ ಹೇಳುವರು. ಎಣಿಕೆಯಿಂದ ವರ್ಷದ ಸಂಖ್ಯೆಯು ದೊರೆಯುವುದು. ಅದರ ಯೋಗ್ಯತೆಯನ್ನು ಅರಿಯಬೇಕಾದರೆ ಆ ವರ್ಷದಲ್ಲಿ ನಮ್ಮ ಪೂರ್ವಿಕರು ಏನು ಮಾಡಿದರು, ಏನನ್ನು ಮಾಡದೆ ಬಿಟ್ಟರು ಎಂಬುದನ್ನು ವಿಚಾರಿಸಬೇಕಾಗುವುದು. ಅರಸೀಕೆರೆ, ಬೇಲೂರು, ಹಳೇಬೀಡುಗಳ ಸೀಮೆಯಲ್ಲಿ ವೀರಶೈವ ಸಮಾಜಕ್ಕೆ ಹೀಗೆ ವಿಚಾರಿಸಿ ನೋಡತಕ್ಕ ವರ್ಷವೊಂದುಂಟು. ಅದು ಕ್ರಿಸ್ತಶಕ 1638. ಆ ವರ್ಷ ಹಳೇಬೀಡಿನಲ್ಲಿ ಒಂದು ತಪ್ಪು ನಡೆಯಿತು. ಆ ತಪ್ಪಿಗೆ ಒಂದು ತೀರ್ಪೂ ಆಯಿತು. ತಪ್ಪು, ತೀರ್ಪು ಎರಡನ್ನೂ ಒಂದೇ ಶಿಲಾಶಾಸನವು ಕಾಪಾಡಿಕೊಂಡು ಬಂದಿದೆ.

ಮೊದಲು ಆ ವರ್ಷದ ಪಂಚಾಂಗವನ್ನು ನೋಡುವುದು ಯುಕ್ತವು. ದಕ್ಷಿಣದೇಶದಲ್ಲಿ ಅರವತ್ತು ಸಂವತ್ಸರಗಳು ಒಂದನ್ನೂ ಬಿಡದೆ ಕ್ರಮವಾಗಿ ತಿರುಗುವುವು. ಗತಶಕವರ್ಷಕ್ಕೆ 12ನ್ನು ಕೂಡಿಸಿ 60ರಿಂದ ಭಾಗಿಸಿದರೆ ಉಳಿಯುವ ಶೇಷವೇ ಪ್ರಭವಾದಿಯಾಗಿ ಎಣಿಸಬೇಕಾದ ಸಂವತ್ಸರದ ಸಂಖ್ಯೆಯೆಂದು ಪಾಠಶಾಲೆಯ ಮಕ್ಕಳೂ ಬಲ್ಲರು. ಶಕ 1559ಕ್ಕೆ 12 ಕೂಡಿಸಲು 1571. 60ರಿಂದ ಭಾಗಿಸಲು ಶೇಷ 11. ಹನ್ನೊಂದನೆಯದು ಈಶ್ವರ ಸಂವತ್ಸರ. ಅದರ ಮುಂದಿನ ಶಕ 1560ಕ್ಕೆ ಶೇಷ 12, ಅದು ಬಹುಧಾನ್ಯ. ಕ್ರಿಸ್ತಶಕ 1638ನೆಯ ವರ್ಷವನ್ನು ಈ ಎರಡು ಸಂವತ್ಸರಗಳು ಹಂಚಿಕೊಂಡಿರುವುವು. ಫಾಲ್ಗುಣ ಮುಗಿಯುವವರೆಗೆ ಈಶ್ವರ. ಮಾರ್ಚ್ ತಿಂಗಳ ನಡುವೆ ಬಂದ ಯುಗಾದಿಯಿಂದ ಮುಂದೆ ಬಹುಧಾನ್ಯ.

ಇಲ್ಲಿ ಒಂದು ಸೂಕ್ಷ್ಮವನ್ನು ತಿಳಿದಿರಬೇಕು. ನಮ್ಮ ಶಾಸನಗಳನ್ನು ಬರೆದವರಲ್ಲಿ ಕೆಲವರು ಕಳೆದುಹೋದ ಶಕವರ್ಷವನ್ನು ಎಣಿಸುವರು. ಕೆಲವರು ನಡೆಯುತ್ತಿರುವ ಶಕವರ್ಷವನ್ನು ಎಣಿಸುವರು. ಆದುದರಿಂದ ಈಶ್ವರ ಸಂವತ್ಸರವನ್ನು ಒಬ್ಬನು 1559 ಎಂದು ಬರೆದರೆ ಮತ್ತೊಬ್ಬನು 1560 ಎಂದು ಬರೆಯಬಹುದು. ಇಬ್ಬರೂ ತಪ್ಪಿದವರಲ್ಲ. ಸಂಖ್ಯೆಯಲ್ಲಿ ಸಂದೇಹ ಬಂದಾಗ ಸಂವತ್ಸರದ ಹೆಸರೇ ಅದನ್ನು ಬಿಡಿಸಿಕೊಡುವುದು. ಶಾಸನಕಾರರು ಸಂಖ್ಯೆಯೊಡನೆ ಹೆಸರನ್ನೂ ಕೊರೆಸುತ್ತಿದ್ದುದರಿಂದ ಆದ ಉಪಕಾರವಿದು.

ಅದೇ ಕಾಲವನ್ನು ಬೇರೆ ಬೇರೆ ಜನರು ಬೇರೆ ಬೇರೆ ವಿಧವಾಗಿ ಎಣಿಸುತ್ತಿದ್ದರು. ಈಶ್ವರ ಸಂವತ್ಸರದಲ್ಲಿ ಕಲಿಯುಗದ 4738 ವರ್ಷಗಳು ಕಳೆದಿದ್ದುವು. ಜೈನರ ಎಣಿಕೆಯಲ್ಲಿ 1637ರ ದೀಪಾವಳಿಯ ತರುವಾಯ ವೀರನಿರ್ವಾಣದ 2164ನೆಯ ವರ್ಷವು ನಡೆಯುತ್ತಿದ್ದಿತು. ವಿಜಾಪುರದ ಸುಲ್ತಾನರ ಕಡೆಯವರಿಗೆ ಅದು ಹಿಜರಿ 1047. ಮೇ ತಿಂಗಳಲ್ಲಿ 1048 ಹುಟ್ಟಿತು. ಗೋವೆಯ ಪೋರ್ತುಗೀಸರು ಪೋಪರು ತಿದ್ದಿದ ಹೊಸ ಪಂಚಾಂಗವನ್ನನುಸರಿಸುತ್ತಿದ್ದರು. ಇಂಗ್ಲಿಷರು ಹಳೆಯದನ್ನೇ ಹಿಡಿದು ಹತ್ತು ದಿವಸ ಹಿಂದೆ ಇದ್ದರು. ಹೊಸ ಪಂಚಾಂಗದ ಲೆಕ್ಕದಂತೆ ಆ ವರ್ಷದ ಡಿಸೆಂಬರ್ 21ರಂದು, ಸೂರ್ಯನು ಉತ್ತರಕ್ಕೆ ತಿರುಗುವ ದಿವಸವೇ, ಪೂರ್ಣ ಚಂದ್ರಗ್ರಹಣವಾಯಿತು. ಅಂತಹ ಯೋಗವು ಮತ್ತೆ ಕೂಡಿದುದು 2010ರಲ್ಲಿ. ಈಶ್ವರ ಸಂವತ್ಸರವಾದರೋ ಅಂದಿನಿಂದ ಆರು ಆವೃತ್ತಿಗಳನ್ನು ಪೂರೈಸಿ 1997-98ರಲ್ಲಿ ಮರಳಿ ಬಂದು ಹೋಯಿತು.

ಈಶ್ವರವೆಂಬುದು ಶಿವನಾಮ, ಬಹುಧಾನ್ಯವೆಂಬುದು ಸುಭಿಕ್ಷದ ಹೆಸರು. ಹೆಸರುಗಳು ಮಂಗಳಕರವಾಗಿದ್ದರೂ ಕನ್ನಡನಾಡಿಗೆ ಆ ಎರಡು ಸಂವತ್ಸರಗಳು ಕಷ್ಟಕಾಲವೇ ಆಗಿದ್ದುವು. 1636ರಲ್ಲಿ ಮೊಗಲ ಚಕ್ರವರ್ತಿ ಶಹಜಹಾನನಿಗೂ ವಿಜಾಪುರದ ಮುಹಮ್ಮದ್ ಆದಿಲ್‌ಶಾಹನಿಗೂ ಒಪ್ಪಂದವಾಯಿತು. ಉತ್ತರದ ಭಯವು ನೀಗಿದ ಕೂಡಲೆ ಆದಿಲ್‌ಶಾಹನು ತನ್ನ ಸೈನ್ಯವನ್ನು ದಕ್ಷಿಣಕ್ಕೆ ಹರಿಯಬಿಟ್ಟನು. ಸೇನಾಪತಿಯಾದ ರಣದುಲ್ಲಾಖಾನನು 1637ರ ಕಡೆಯಲ್ಲಿ ಇಕ್ಕೇರಿಯ ಮೇಲೆ ಬಿದ್ದನು. ವೀರಶೈವ ಧರ್ಮಕ್ಕೆ ಆಶ್ರಯವಾಗಿದ್ದ ಕೆಳದಿಯ ಮನೆತನದ ವೀರಭದ್ರನಾಯಕನು ಹಣವನ್ನು ತೆತ್ತು ಸಂಧಿ ಮಾಡಿಕೊಳ್ಳಬೇಕಾಯಿತು. ಮುಂದೆ ಆ ರಾಜ್ಯದ ರಾಜಧಾನಿಯೇ ಇಕ್ಕೇರಿಯನ್ನು ಬಿಟ್ಟು ಬಿದನೂರಿಗೆ ಹೋಯಿತು. 1638ರಲ್ಲಿ ಬೆಂಗಳೂರು ಕೆಂಪೇಗೌಡರ ವಂಶದವರ ಕೈತಪ್ಪಿತು; ಷಹಜಿ ಭೋಸಲೆಯು ಅಲ್ಲಿ ನೆಲೆಯೂರಿದನು. ದಕ್ಷಿಣದಲ್ಲಿ ಮೈಸೂರಿನ ದೊರೆ ಇಮ್ಮಡಿ ರಾಜಒಡೆಯರು ಆ ವರ್ಷ ಅಕ್ಟೋಬರಿನಲ್ಲಿ ತೀರಿಹೋದರು. ನವೆಂಬರಿನಲ್ಲಿ ಕಂಠೀರವ ನರಸರಾಜ ಒಡೆಯರು ಸಿಂಹಾಸನವನ್ನೇರಿದರು. ಎರಡು ತಿಂಗಳು ತುಂಬುವಷ್ಟರಲ್ಲಿ, 1639ರ ಜನವರಿಯಲ್ಲಿ, ರಣದುಲ್ಲಾಖಾನನ ಸೈನ್ಯವು ಶ್ರೀರಂಗಪಟ್ಟಣದ ಕೋಟೆಯ ಮುಂದೆ ನಿಂತಿದ್ದಿತು. ಹೊಸ ದೊರೆಗಳು ಅದನ್ನು ಹಿಮ್ಮೆಟ್ಟಿಸಿದರು. ವಿಜಯನಗರದ ಹೆಸರು ಮಾತ್ರ ಉಳಿದು, ಮೂರನೆಯ ವೆಂಕಟಪತಿರಾಯನು ದೂರದ ತಮಿಳು ಸೀಮೆಯ ಕಡೆ ಇದ್ದನು. ಉತ್ತರದ ದಂಡಿಗೂ ದಕ್ಷಿಣದ ದೊರೆತನಕ್ಕೂ ನಡುವೆ ಬೇಲೂರಿನ ಸೀಮೆಯು ಎರಡು ಬೀಸುವ ಕಲ್ಲುಗಳ ನಡುವಣ ಕಾಳಿನಂತೆ ಇದ್ದಿತು. ಅಂತಹ ಹೊತ್ತಿನಲ್ಲಿ ಊರೊಳಗಿನ ಒಂದು ಕಿಡಿಯೂ ದೊಡ್ಡ ಉರಿಯಾಗಬಹುದಾಗಿದ್ದಿತು.

ಆ ಕಿಡಿಯು ಎಲ್ಲಿ ಬಿದ್ದಿತೆಂಬುದನ್ನು ಅರಿಯುವುದಕ್ಕೆ ಈ ಸೀಮೆಯ ಹಿಂದಿನ ಸ್ಥಿತಿಯನ್ನು ನೆನೆಯಬೇಕು. ಹೊಯ್ಸಳರ ಕಾಲದಲ್ಲಿ ಇಲ್ಲಿ ಎಲ್ಲ ದರ್ಶನಗಳೂ ಒಂದರ ಮಗ್ಗುಲಲ್ಲೊಂದು ಬಾಳಿದುವು. ಬೇಲೂರಿನಲ್ಲಿ ವಿಷ್ಣುವರ್ಧನನು 1117ರಲ್ಲಿ ಚೆನ್ನಕೇಶವನನ್ನು ಪ್ರತಿಷ್ಠಿಸಿದನು. ದೋರಸಮುದ್ರದಲ್ಲಿ, ಎಂದರೆ ಈಗಿನ ಹಳೇಬೀಡಿನಲ್ಲಿ, ಹೊಯ್ಸಳೇಶ್ವರನ ದೊಡ್ಡ ಗುಡಿಯು ಎದ್ದಿತು. ಅದೇ ಪಟ್ಟಣದಲ್ಲಿ ದಂಡನಾಯಕ ಗಂಗರಾಜನ ಮಗನಾದ ಬೊಪ್ಪನು ತಂದೆಯ ನೆನಪಿಗಾಗಿ 1133ರಲ್ಲಿ ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದನು. ಅಲ್ಲಿಂದ ತಂದ ಪ್ರಸಾದವು ವಿಷ್ಣುವರ್ಧನನಿಗೆ ಸೇರಿದ ಹೊತ್ತಿಗೆ ಅವನಿಗೆ ಯುದ್ಧದಲ್ಲಿ ಜಯವೂ ಆಗಿದ್ದಿತು, ಪುತ್ರೋತ್ಸವವೂ ಆಗಿದ್ದಿತು. ಅದರಿಂದ ದೇವರಿಗೆ ವಿಜಯಪಾರ್ಶ್ವನೆಂದೂ ಮಗನಿಗೆ ವಿಜಯನರಸಿಂಹನೆಂದೂ ಹೆಸರಾಯಿತು. ಆ ಬಸದಿಯ ನವರಂಗದ ಕಂಬಗಳನ್ನು ನೋಡಿದವರು ಮರೆಯಲಾರರು. ತಿರುಗಣೆಯಲ್ಲಿ ಹಿಡಿದು ನಯಗೊಳಿಸಿದ ಆ ಕರಿಯ ಕಲ್ಲುಗಳಲ್ಲಿ ಎದುರು ನಿಂತವನ ಮುಖವು ಕನ್ನಡಿಯಲ್ಲಿ ಕಂಡಂತೆ ಕಾಣುವುದು.

ಅರಸೀಕೆರೆಯಲ್ಲಿಯೂ ಹೀಗೆಯೇ. ಅಲ್ಲಿನ ನಕ್ಷತ್ರಾಕಾರದ ಮಂಟಪವುಳ್ಳ ಶಿವಾಲಯವೂ ಸಹಸ್ರಕೂಟ ಜಿನಾಲಯವೂ 1220ರ ಸುಮಾರಿಗೆ, ಇಮ್ಮಡಿ ಬಲ್ಲಾಳನ ಆಳಿಕೆಯ ಕಡೆಯಲ್ಲಿ, ಆದುವು. ಜಿನಾಲಯವನ್ನು ಮಾಡಿಸಿದ ರೇಚರಸನು ಮೊದಲು ಕಲಚುರಿ ಅರಸರ ಸೇವೆಯಲ್ಲಿದ್ದು ಆಮೇಲೆ ಹೊಯ್ಸಳರ ಆಶ್ರಯಕ್ಕೆ ಬಂದವನು. ಅವನಿಗೆ ವಸುಧೈಕಬಾಂಧವನೆಂಬ ಬಿರುದಿದ್ದಿತು. ಶರಣರ ಪರಂಪರೆಗೂ ಈ ಸೀಮೆಯು ಹೊರಗಾದುದಲ್ಲ. ದೀಕ್ಷಾಬೋಧೆಯನ್ನು ಬರೆದ ಕೆರೆಯ ಪದ್ಮರಸರು ಹೊಯ್ಸಳ ನರಸಿಂಹನ ಮಂತ್ರಿಗಳಾಗಿದ್ದು ಬೇಲೂರಿನಲ್ಲಿ ಕೆರೆಯನ್ನು ಕಟ್ಟಿಸಿದರೆಂದೂ, ರಗಳೆಗಳ ಕವಿ ಹರಿಹರರು ದೋರಸಮುದ್ರದ ಅರಮನೆಯಲ್ಲಿ ಕರಣಿಕರಾಗಿದ್ದು ಅದನ್ನು ತೊರೆದು ಹಂಪೆಗೆ ಹೋದರೆಂದೂ ಪರಂಪರೆಯು ಹೇಳುವುದು.

1311ರಲ್ಲಿ ಮಲ್ಲಿಕ್ ಕಾಫರನ ದಂಡು ದೋರಸಮುದ್ರವನ್ನು ಮುತ್ತಿತು. 1342ರಲ್ಲಿ ಮುಮ್ಮಡಿ ಬಲ್ಲಾಳನು ಮಧುರೆಯ ಸುಲ್ತಾನನ ಕೈಯಲ್ಲಿ ಮಡಿದನು. ರಾಜಧಾನಿಯು ಹಾಳುಬಿದ್ದು ‘ಹಳೆಯ ಬೀಡು’ ಎಂಬ ಹೆಸರು ಉಳಿಯಿತು. ಅರಮನೆಯು ಹೋದರೂ ಬಸದಿಗಳು, ಗುಡಿಗಳು, ಅವುಗಳನ್ನು ನಂಬಿದ ಒಕ್ಕಲು ಅಲ್ಲಿಯೇ ಇದ್ದುವು. 1524ರಲ್ಲಿ ಕೃಷ್ಣದೇವರಾಯನು ಬೇಲೂರು ಸೀಮೆಯನ್ನು ಎರ ಕೃಷ್ಣಪ್ಪನಾಯಕನಿಗೆ ಕೊಟ್ಟನು. ಈತನು ರಾಯನ ಹಡಪವನ್ನು ಹಿಡಿಯುತ್ತಿದ್ದವನು. ಹಡಪವೆಂದರೆ ವೀಳ್ಯದೆಲೆಯ ಚೀಲ. ಶರಣ ಹಡಪದ ಅಪ್ಪಣ್ಣನವರ ಹೆಸರಿನಿಂದ ಈ ಮಾತು ಭಕ್ತರೆಲ್ಲರಿಗೂ ಪರಿಚಿತವು. ಈ ನಾಯಕರ ಮನೆತನದವರು ಚೆನ್ನಕೇಶವನ ಪಾದಸೇವಕರೆಂದು ಹೆಸರಾದವರು. 1638ರಲ್ಲಿ ಬೇಲೂರನ್ನು ಆಳುತ್ತಿದ್ದವನು ಕೃಷ್ಣಪ್ಪನಾಯಕನ ಮಗನಾದ ವೆಂಕಟಾದ್ರಿನಾಯಕನು. ದೊರೆಯು ವಿಷ್ಣುಭಕ್ತ, ಹಳೇಬೀಡಿನಲ್ಲಿ ಬಲವಾಗಿದ್ದವರು ವೀರಶೈವರು, ವ್ಯಾಪಾರದಲ್ಲಿ ಕೈಯುಳ್ಳ ಶೆಟ್ಟರು ಜೈನರು. ಸೀಮೆಯ ಸ್ಥಿತಿಯು ಹೀಗಿದ್ದಿತು.

ಆಗ ಹುಚ್ಚಪ್ಪದೇವನೆಂಬವನು ವಿಜಯಪಾರ್ಶ್ವನಾಥ ಬಸದಿಯ ಕಂಬಗಳ ಮೇಲೆ ಲಿಂಗಮುದ್ರೆಯನ್ನು ಒತ್ತಿದನು. ಈ ಕೃತ್ಯದ ಅರ್ಥವನ್ನು ಇಂದಿನವರಿಗೆ ಬಿಡಿಸಿ ಹೇಳಬೇಕಾದೀತು. ಹಿಂದಿನ ಕಾಲದಲ್ಲಿ ಶಿವಾಲಯಕ್ಕೆ ಬಿಟ್ಟ ಭೂಮಿಯ ಎಲ್ಲೆಗೆ ಲಿಂಗಮುದ್ರೆಯ ಕಲ್ಲನ್ನು ನೆಡುತ್ತಿದ್ದರು. ಬ್ರಾಹ್ಮಣರಿಗೂ ವಿಷ್ಣುವಿಗೂ ಬಿಟ್ಟುದಕ್ಕೆ ವಾಮನಮುದ್ರೆ. ಬಸದಿಗೆ ಬಿಟ್ಟುದಕ್ಕೆ ಮುಕ್ಕೊಡೆ. ಮುದ್ರೆಯೆಂದರೆ ಇದು ಇಂತಹವರ ಸ್ವತ್ತೆಂಬ ಗುರುತು. ಪಾರ್ಶ್ವನಾಥನ ಕಂಬದ ಮೇಲೆ ಲಿಂಗಮುದ್ರೆಯು ಬಿದ್ದುದನ್ನು ಕಂಡವರಿಗೆ, ಐನೂರು ವರ್ಷ ತಮ್ಮದಾಗಿದ್ದ ಮನೆಯ ಬಾಗಿಲಿಗೆ ಪರರು ಬೀಗಮುದ್ರೆಯನ್ನು ಹಾಕಿದಂತೆ ತೋರಿದ್ದರೆ ಆಶ್ಚರ್ಯವಿಲ್ಲ. ಜೈನನಾದ ವಿಜಯಪ್ಪನು ಆ ಲಿಂಗಗಳನ್ನು ತೊಡೆದುಹಾಕಿದನು.

ಈಗ ಎರಡು ಕಡೆಯೂ ನೋವಾಯಿತು. ಬಸದಿಗೆ ಅಪಚಾರವಾಯಿತೆಂದು ಜೈನರು. ಲಿಂಗಕ್ಕೆ ಅಪಚಾರವಾಯಿತೆಂದು ಶಿವಭಕ್ತರು. ಲಿಂಗವನ್ನು ಪ್ರಾಣವೆಂದು ತಿಳಿದವರಿಗೆ ಲಿಂಗವನ್ನು ಕೆರೆದುಹಾಕಿದರೆಂಬ ಸುದ್ದಿಯು ಎಂತಹದೆಂಬುದನ್ನು ಶಿಷ್ಯವರ್ಗಕ್ಕೆ ವಿವರಿಸಬೇಕಾದುದಿಲ್ಲ. ಮೊದಲು ಮಾಡಿದವನು ಯಾರೆಂಬುದನ್ನು ಇಂತಹ ಹೊತ್ತಿನಲ್ಲಿ ಜನರು ಮರೆಯುವರು. ಕಡೆಗೆ ಮಾಡಿದವನ ಹೆಸರು ಮಾತ್ರ ಬಾಯಿಂದ ಬಾಯಿಗೆ ಹರಡುವುದು. ದಂಡುಗಳು ನಾಡಿನಲ್ಲೆಲ್ಲ ತಿರುಗುತ್ತಿದ್ದ ಆ ದಿನಗಳಲ್ಲಿ ಆಯುಧಕ್ಕೂ ಕೊರತೆಯಿರಲಿಲ್ಲ, ಕೋಪಕ್ಕೂ ಕೊರತೆಯಿರಲಿಲ್ಲ.

ಜೈನ ಶೆಟ್ಟರು ನ್ಯಾಯವನ್ನು ಬೇಡಿದರು. ತೀರ್ಪನ್ನು ಕೊಡುವ ಭಾರವು ಬಿದ್ದುದು ವೀರಶೈವರ ಮಹಾಮಹತ್ತಿನ ಮೇಲೆ. ಮಹತ್ತೆಂಬುದು ಮಠಗಳ ದೇವರುಗಳೂ ಹಿರಿಯರೂ ಕೂಡಿದ ಧರ್ಮಸಭೆ. ಕೆಳದಿಯ ಅರಸರು ತಮ್ಮ ರಾಜ್ಯದಲ್ಲಿ ಕಟ್ಟಿಸಿದ ಮಹತ್ತಿನ ಮಠಗಳ ಹೆಸರಿನಲ್ಲಿರುವುದೂ ಈ ಮಾತೇ. ಆಚಾರದಲ್ಲಿ ತಪ್ಪಿದವರನ್ನು ವಿಚಾರಿಸುವುದು, ಜಗಳಗಳನ್ನು ತೀರಿಸುವುದು, ಸಮಾಜಕ್ಕೆ ಒಳಗು ಹೊರಗುಗಳನ್ನು ಹೇಳುವುದು ಅದರ ಅಧಿಕಾರವು. ಈ ಸಂದರ್ಭದಲ್ಲಿ ಆರೋಪವು ಬಂದುದು ತನ್ನವನ ಮೇಲೆ. ದೂರು ಕೊಟ್ಟವರು ಪರದರ್ಶನದವರು. ನ್ಯಾಯಪೀಠಕ್ಕೆ ಇದಕ್ಕಿಂತ ಕಠಿನವಾದ ಪರೀಕ್ಷೆಯು ಬೇರೊಂದಿಲ್ಲ.

ಮಹಾಮಹತ್ತು ಕೊಟ್ಟ ತೀರ್ಪಿನ ತಾತ್ಪರ್ಯವಿದು. ಬಸದಿಯಲ್ಲಿ ಮೊದಲು ವಿಭೂತಿ ವೀಳ್ಯಗಳನ್ನು ಒಪ್ಪಿಸಬೇಕು. ಆಮೇಲೆ ಜೈನರು ಪೂಜೆ, ಅಲಂಕಾರ, ದೀಪಾರಾಧನೆ ಮೊದಲಾದ ತಮ್ಮ ಜಿನಧರ್ಮದ ವಿಧಿಗಳನ್ನು ಪೂರ್ವಮರ್ಯಾದೆಯಂತೆ ಚಂದ್ರಸೂರ್ಯರಿರುವವರೆಗೂ ನಡೆಸಿಕೊಂಡು ಬರಬೇಕು. ಈ ಧರ್ಮಕ್ಕೆ ಅಡ್ಡಿಮಾಡಿದ ವೀರಶೈವನು ಮಹಾಮಹತ್ತಿನ ಪಾದಕ್ಕೆ ಹೊರಗಾದವನು; ಶಿವನಿಗೂ ಜಂಗಮಕ್ಕೂ ದ್ರೋಹಿಯಾದವನು; ವಿಭೂತಿಗೆ, ರುದ್ರಾಕ್ಷಿಗೆ, ಕಾಶೀ ರಾಮೇಶ್ವರಗಳ ಲಿಂಗಗಳಿಗೆ ಅಯೋಗ್ಯನು. ಇಷ್ಟನ್ನು ಬಾಯಿಮಾತಿನಲ್ಲಿ ಬಿಡದೆ ಕಲ್ಲಿನಲ್ಲಿ ಕೊರೆಸಿದರು.

ಈ ತೀರ್ಪನ್ನು ಪಕ್ಷಪಾತವಿಲ್ಲದೆ ಓದಬೇಕು. ವಿಭೂತಿಯನ್ನು ಮೊದಲು ಒಪ್ಪಿಸಬೇಕೆಂಬ ಕಟ್ಟಳೆಯು ಶೈವರ ಮೇಲ್ಮೆಯನ್ನು ಬಸದಿಯೊಳಗೇ ಒಪ್ಪಿಸಿಕೊಂಡಂತೆ ಆಯಿತು. ಬಸದಿಯವರು ತಮ್ಮ ದೇವರ ಪೂಜೆಗೆ ಮುಂಚೆ ಪರರ ಚಿಹ್ನೆಗೆ ಮರ್ಯಾದೆಯನ್ನು ಮಾಡಬೇಕಾಯಿತು. ಬಲವುಳ್ಳವರ ಸಭೆಯು ಬಲವಿಲ್ಲದವರಿಗೆ ಕೊಟ್ಟ ತೀರ್ಪೆಂಬ ಗುರುತು ಅದರಲ್ಲಿ ಉಳಿದೇ ಇದೆ. ಇದನ್ನು ಮುಚ್ಚಿ ಹೊಗಳುವುದು ಇತಿಹಾಸಕ್ಕೆ ಸಲ್ಲದು. ಆದರೆ ವೀಳ್ಯವು ಕನ್ನಡನಾಡಿನಲ್ಲಿ ಒಪ್ಪಿಗೆಯ ಗುರುತೂ ಹೌದು. ಮದುವೆಯ ಮಾತು ನಿಶ್ಚಯವಾಗುವುದು ವೀಳ್ಯದಿಂದ. ಹೊಣೆಯನ್ನು ಹೊರುವವನು ತೆಗೆದುಕೊಳ್ಳುವುದು ವೀಳ್ಯವನ್ನು. ತೊಡೆದುಹೋದ ಲಿಂಗಕ್ಕಾಗಿ ಶಿವಭಕ್ತರಿಗೆ ಆದ ನೋವನ್ನು ವಿಭೂತಿ ವೀಳ್ಯಗಳಿಂದ ತಣಿಸಿ, ಲಿಂಗಮುದ್ರೆಯನ್ನು ಮತ್ತೆ ಒತ್ತಿಸದೆ, ಬಸದಿಯನ್ನು ಬಸದಿಯಾಗಿಯೇ ಉಳಿಸಿದುದು ಆ ಹಿರಿಯರ ಉಪಾಯವೆಂದು ತೋರುವುದು.

ತೀರ್ಪಿನ ತೂಕವಿರುವುದು ಅದರ ಕಡೆಯ ಭಾಗದಲ್ಲಿ. ದಾನಶಾಸನಗಳ ಕೊನೆಯಲ್ಲಿ ಶಾಪವಿರುವುದು ವಾಡಿಕೆ. ಧರ್ಮವನ್ನು ಕೆಡಿಸಿದವನು ಗಂಗೆಯ ತಡಿಯಲ್ಲಿ ಗೋವನ್ನು ಕೊಂದ ಪಾಪಕ್ಕೆ ಹೋಗುವನೆಂದು ಬರೆಯುವರು. ಅದು ಎಲ್ಲರಿಗೂ ಹಾಕಿದ ಸಾಮಾನ್ಯ ಶಾಪ. ಹಳೇಬೀಡಿನ ಹಿರಿಯರಾದರೋ ತಮ್ಮವರಿಗೆ ಮಾತ್ರ ತಾಗುವ ಮಾತುಗಳನ್ನು ಆರಿಸಿದರು. ಗುರು, ಲಿಂಗ, ಜಂಗಮ, ಪಾದೋದಕ, ಪ್ರಸಾದ, ವಿಭೂತಿ, ರುದ್ರಾಕ್ಷಿ, ಮಂತ್ರ ಎಂಬ ಅಷ್ಟಾವರಣಗಳು ವೀರಶೈವನಿಗೆ ಕವಚವು. ಅವುಗಳಲ್ಲಿ ಲಿಂಗ, ಜಂಗಮ, ವಿಭೂತಿ, ರುದ್ರಾಕ್ಷಿ ಎಂಬ ನಾಲ್ಕನ್ನು ಹೆಸರಿಟ್ಟು ಹೇಳಿ, ಜಿನಪೂಜೆಗೆ ಅಡ್ಡಬಂದವನ ಮೈಮೇಲಿಂದ ಆ ಕವಚವು ಕಳಚಿಬೀಳುವುದೆಂದು ಸಾರಿದರು. ಲಿಂಗದ ಹೆಸರಿನಲ್ಲಿ ಪರರ ಮನೆಗೆ ನುಗ್ಗಿದವನೇ ಲಿಂಗಕ್ಕೆ ಹೊರಗೆಂಬುದು ಇದರ ತಿರುಳು. ಭಕ್ತಿಯೆಂದು ಮಾಡಿದ ಕೆಲಸಕ್ಕೆ ಶಿವದ್ರೋಹವೆಂದು ಹೆಸರಿಡುವ ಧೈರ್ಯವು ಆ ಸಭೆಗೆ ಇದ್ದಿತು. ಹುಚ್ಚಪ್ಪದೇವನ ಹೆಸರನ್ನೂ ಶಾಸನದಿಂದ ಬಿಡಲಿಲ್ಲ. ತಮ್ಮ ಕಡೆಯವನ ತಪ್ಪನ್ನು ತಾವೇ ಕಲ್ಲಿನಲ್ಲಿ ಬರೆಯಿಸಿ ಮುಂದಿನವರ ಕಣ್ಣಿಗೆ ಇಟ್ಟರು.

ಇದಕ್ಕೆ ಮೇಲ್ಪಂಕ್ತಿಯೊಂದು ಕನ್ನಡನಾಡಿನಲ್ಲಿ ಮೊದಲೇ ಇದ್ದಿತು. ಶಕ 1290, ಕೀಲಕ ಸಂವತ್ಸರ, ಎಂದರೆ ಕ್ರಿಸ್ತಶಕ 1368ರಲ್ಲಿ, ಜೈನರಿಗೂ ಶ್ರೀವೈಷ್ಣವರಿಗೂ ವಿವಾದವುಂಟಾದಾಗ ವಿಜಯನಗರದ ಬುಕ್ಕರಾಯನು ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಹೇಳಿದನೆಂಬುದು ಶ್ರವಣಬೆಳ್ಗೊಳದ ಶಾಸನದಿಂದ ತಿಳಿಯುವುದು. ಅಲ್ಲಿನ ದೇವರ ಕಾವಲಿಗೆ ಇಪ್ಪತ್ತು ಮಂದಿ ಆಳುಗಳನ್ನು ಇಡುವುದೆಂದೂ, ಅದರ ವೆಚ್ಚಕ್ಕೆ ಮನೆಗೊಂದು ಹಣದಂತೆ ಜೈನರಿಂದ ಎತ್ತುವುದೆಂದೂ, ಅದನ್ನು ತಿರುಮಲೆಯ ತಾತಯ್ಯನು ನಡೆಸತಕ್ಕದ್ದೆಂದೂ ಏರ್ಪಟ್ಟಿತು. ಆ ತೀರ್ಪಿಗೂ ಹಳೇಬೀಡಿನ ತೀರ್ಪಿಗೂ ನಡುವೆ 270 ವರ್ಷ. ಬುಕ್ಕರಾಯನ ತೀರ್ಪಿನ ಹಿಂದೆ ಚಕ್ರವರ್ತಿಯ ಖಡ್ಗವಿದ್ದಿತು. 1638ರಲ್ಲಿ ಅಂತಹ ಚಕ್ರವರ್ತಿಯಿರಲಿಲ್ಲ. ಪಾಳೆಯಗಾರನ ಬಲವು ಅಲ್ಪವಾದುದು. ತಮ್ಮವರನ್ನು ತಡೆಯುವ ಕಾರ್ಯವನ್ನು ಧರ್ಮಸಭೆಯೇ ವಹಿಸಿಕೊಂಡಿತು.

ಎಲ್ಲ ಕಾಲದಲ್ಲಿಯೂ ಎಲ್ಲ ಕಡೆಯಲ್ಲಿಯೂ ಹೀಗೆಯೇ ನಡೆಯಿತೆಂದು ಹೇಳುವಂತಿಲ್ಲ. ಅಬ್ಬಲೂರಿನ ಏಕಾಂತದ ರಾಮಯ್ಯಗಳ ಕಾಲದ ಘರ್ಷಣೆಯನ್ನು ಅಲ್ಲಿನ ಗುಡಿಯ ಶಾಸನವೂ ಶಿಲ್ಪವೂ ಹೇಳುತ್ತಿರುವುವು. 1512ರ ಶ್ರೀಶೈಲದ ಒಂದು ಶಾಸನದಲ್ಲಿ ಲಿಂಗನೆಂಬ ವೀರಶೈವ ನಾಯಕನು ಶ್ವೇತಾಂಬರ ಜೈನರ ತಲೆಗಳನ್ನು ಕಡಿದನೆಂಬುದು ಅವನ ಹೆಗ್ಗಳಿಕೆಯೆಂದೇ ಬರೆದಿದೆ. ಅದೂ ಶಿಲೆ, ಇದೂ ಶಿಲೆ. ಅದನ್ನು ಬರೆಯಿಸಿದವರೂ ವಿಭೂತಿಯನ್ನು ಧರಿಸಿದವರೇ. ಇದನ್ನು ಬರೆಯಿಸಿದವರೂ ವಿಭೂತಿಯನ್ನು ಧರಿಸಿದವರೇ. ಎರಡರಲ್ಲಿ ಯಾವುದನ್ನು ತನ್ನ ಹಿರಿಯರ ಮಾರ್ಗವೆಂದು ಹಿಡಿಯಬೇಕೆಂಬುದನ್ನು ಪ್ರತಿಯೊಂದು ತಲೆಯವರೂ ತಾವೇ ನಿಶ್ಚಯಿಸಬೇಕಾಗಿದೆ. ಪರಧರ್ಮವನ್ನೂ ಪರವಿಚಾರವನ್ನೂ ಸೈರಿಸುವುದೇ ನಿಜವಾದ ಐಶ್ವರ್ಯವೆಂದು ಕವಿರಾಜಮಾರ್ಗದ ಕಾಲಕ್ಕೇ ಈ ನಾಡು ಕಂಡುಕೊಂಡಿದ್ದಿತು. ಹಳೇಬೀಡಿನ ಮಹತ್ತು ಆ ಸಂಪತ್ತನ್ನು ಕಾದುಕೊಂಡಿತು.

ಅದೇ 1638ರಲ್ಲಿ ಹೊರಗಿನ ಪ್ರಪಂಚವು ಹೇಗಿದ್ದಿತೆಂಬುದನ್ನು ನೋಡಿದರೆ ಈ ತೀರ್ಪಿನ ಬೆಲೆಯು ಇನ್ನೂ ಸ್ಪಷ್ಟವಾಗುವುದು. ಜರ್ಮನಿಯಲ್ಲಿ ಕ್ರೈಸ್ತರ ಎರಡು ಪಂಗಡಗಳ ಕಲಹದಿಂದ 1618ರಲ್ಲಿ ಹೊತ್ತಿದ ಯುದ್ಧವು ಇಪ್ಪತ್ತು ವರ್ಷಗಳಾದರೂ ಆರದೆ, 1648ರವರೆಗೆ ಊರೂರುಗಳನ್ನೇ ನುಂಗಿತು. ಸ್ಕಾಟ್ಲೆಂಡಿನಲ್ಲಿ ದೊರೆ ಚಾರ್ಲ್ಸನು ಪ್ರಾರ್ಥನೆಯ ಹೊಸ ಪುಸ್ತಕವನ್ನು ಹೇರಹೋದುದಕ್ಕೆ ಜನರು 1638ರ ಫೆಬ್ರವರಿಯಲ್ಲಿ ಪ್ರತಿಜ್ಞಾಪತ್ರಕ್ಕೆ ರುಜು ಹಾಕಿ ಎದ್ದುನಿಂತರು. ಮರುವರ್ಷವೇ ಅದು ಯುದ್ಧಕ್ಕೆ ತಿರುಗಿತು. ಜಪಾನಿನ ಷಿಮಬಾರದಲ್ಲಿ ತೆರಿಗೆಯ ಭಾರದಿಂದಲೂ ಮತದ ಹಿಂಸೆಯಿಂದಲೂ ಬಂಡೆದ್ದ ಕ್ರೈಸ್ತ ರೈತರು ಸಾವಿರಾರು ಮಂದಿ 1638ರ ಏಪ್ರಿಲಿನಲ್ಲಿ ತಮ್ಮ ಕೋಟೆಯೊಳಗೇ ಹತರಾದರು. ಪೂಜೆಯ ವಿಧಿಗಾಗಿ ದೊಡ್ಡ ದೊಡ್ಡ ರಾಜ್ಯಗಳು ರಕ್ತವನ್ನು ಹರಿಯಿಸುತ್ತಿದ್ದ ವರ್ಷದಲ್ಲಿ ಹಾಳುಬಿದ್ದ ಒಂದು ರಾಜಧಾನಿಯ ಹಿರಿಯರು ಅಂತಹದೇ ಜಗಳವನ್ನು ಒಂದು ಹಿಡಿ ವಿಭೂತಿ, ಒಂದು ಕಟ್ಟು ವೀಳ್ಯ, ಒಂದು ಕಲ್ಲುಗಳಿಂದ ಮುಗಿಸಿದರು.

ಆಮೇಲೆ ರಾಜ್ಯಗಳು ಕೈಬದಲಾಯಿಸಿದುವು. ಕೆಳದಿಯ ಶಿವಪ್ಪನಾಯಕನು ಬೇಲೂರನ್ನು ವಶಪಡಿಸಿಕೊಂಡನು. ವಿಜಯನಗರದ ಕಡೆಯ ರಾಯನಾದ ಶ್ರೀರಂಗನು ಅವನ ಆಶ್ರಯದಲ್ಲಿ ಕೆಲವು ಕಾಲ ಬೇಲೂರಿನಲ್ಲಿಯೇ ಇದ್ದನು. 1690ರ ಹೊತ್ತಿಗೆ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಆ ಸೀಮೆಯು ಮೈಸೂರಿಗೆ ಸೇರಿತು. ತೀರ್ಪನ್ನು ಕೊಡಿಸಿದ ನಾಯಕರ ಅಧಿಕಾರವು ಅಳಿಯಿತು. ತೀರ್ಪನ್ನು ಕೊಟ್ಟ ದೇವರುಗಳು ಲಿಂಗೈಕ್ಯರಾದರು. ಶಾಸನವು ಮಾತ್ರ ನಿಂತಿತು. ಮೈಸೂರು ಪ್ರಾಚ್ಯಶೋಧನ ಇಲಾಖೆಯ ರೈಸ್ ಮಹಾಶಯರು ಹಾಸನ ಜಿಲ್ಲೆಯ ಶಾಸನಗಳನ್ನು 1902ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ಐದನೆಯ ಸಂಪುಟವಾಗಿ ಅಚ್ಚು ಹಾಕಿಸಿದಾಗ ಇದು ಬೇಲೂರು ತಾಲ್ಲೂಕಿನ 128ನೆಯ ಶಾಸನವಾಗಿ ವಿದ್ವಾಂಸರ ಕೈಗೆ ಬಂದಿತು. ಹಳೇಬೀಡಿನ ಬಸ್ತಿಹಳ್ಳಿಯಲ್ಲಿ ವಿಜಯಪಾರ್ಶ್ವನಾಥನ 18 ಅಡಿ ಎತ್ತರದ ಮೂರ್ತಿಯು ಇಂದಿಗೂ ನಿಂತಿದೆ. ಹೊಯ್ಸಳೇಶ್ವರನನ್ನು ನೋಡಬಂದ ಯಾತ್ರಿಕರು ಅರ್ಧಗಳಿಗೆ ನಡೆದರೆ ಆ ಬಸದಿಯನ್ನು ಸೇರಬಹುದು.

ಮಹೋತ್ಸವದ ಸಮಯದಲ್ಲಿ ಭಕ್ತರು ತಮ್ಮ ಮಠದ ಹಿರಿಯರ ಪವಾಡಗಳನ್ನು ಕೇಳಲು ಬಯಸುವರು; ಅದು ತಪ್ಪಲ್ಲ. ಹಳೇಬೀಡಿನ ಮಹಾಮಹತ್ತು ಯಾವ ಪವಾಡವನ್ನೂ ಮಾಡಲಿಲ್ಲ. ತನ್ನವನು ತಪ್ಪಿದಾಗ ತಪ್ಪೆಂದು ಹೇಳಿತು. ತನಗೆ ಬಲವಿದ್ದಾಗ ಪರರ ಪೂಜೆಯನ್ನು ನಡೆಯಗೊಟ್ಟಿತು. ತನ್ನ ಮಾತಿಗೆ ತನ್ನ ಮಕ್ಕಳನ್ನೇ ಹೊಣೆಮಾಡಿತು. ಇಂದು ಅರಸೀಕೆರೆಯಿಂದ ಹಳೇಬೀಡಿಗೂ ಬೇಲೂರಿಗೂ ಹೋಗುವ ಶಿಷ್ಯರು ಹೊಯ್ಸಳೇಶ್ವರನಿಗೆ ಬಿಲ್ವವನ್ನೇರಿಸಿ, ಹಾಗೆಯೇ ಮುಂದುವರಿದು, ಬಸದಿಯ ನವರಂಗದಲ್ಲಿ ಕ್ಷಣಕಾಲ ನಿಲ್ಲಲಿ. ಆ ಕಂಬಗಳು ಕನ್ನಡಿಯಂತಿರುವುವು. ಹಣೆಯ ವಿಭೂತಿಯು ಅವುಗಳಲ್ಲಿ ತೋರುವುದು. ಕಂಬವನ್ನು ಮುಟ್ಟದೆ, ಮುದ್ರೆಯನ್ನೊತ್ತದೆ, ಹಾಗೆ ತೋರುವ ವಿಭೂತಿಗೆ ಮಹಾಮಹತ್ತಿನ ಒಪ್ಪಿಗೆಯು ಚಂದ್ರಸೂರ್ಯರಿರುವವರೆಗೂ ಉಂಟು.

ಸರ್ವ ಸಮಯಗಳವರಿಗೂ ಸನ್ಮಂಗಳವಾಗಲಿ.